ಕೊಂದವನು ಜೈಲಿನಲ್ಲಿ; ಪರಿಹಾರದ ದಾವೆ ಯಾರ ಮೇಲೆ?

ಹೊರನಾಡು, ಕಳಸ, ಮೂಡಿಗೆರೆ ಕಡೆ ಒಂದು ಕೊಲೆ ಕೇಸು ತೀರ್ಮಾನ ಆಯಿತು ಅಂದರೆ ಊರಿನವರು ಮೊದಲು ಕೇಳುವುದು, ಎಷ್ಟು ವರ್ಷ ಬಿತ್ತು ಅಂತ. ಸತ್ತವನ ಮನೆಯಲ್ಲಿ ಕೇಳುವ ಪ್ರಶ್ನೆ ಬೇರೆ. ಜೀವಾವಧಿ ಆದವನ ಊಟ ಸರಕಾರ ನೋಡಿಕೊಳ್ತದೆ. ಇತ್ತ ವಿಧವೆಯ ಅಕ್ಕಿ, ಮಕ್ಕಳ ಫೀಸು, ವಯಸ್ಸಾದ ಉಮ್ಮನ ಔಷಧಿ ಯಾರ ಲೆಕ್ಕಕ್ಕೆ? ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳ್ತಾರೆ: ಅವನ ಅಪ್ಪನಿಗೆ ಕಾಫಿ ತೋಟ ಉಂಟಲ್ಲ, ಅಪ್ಪ, ಅಣ್ಣ-ತಮ್ಮಂದಿರ ಮೇಲೆ ಹಾಕಿ ಒಂದು ಕೇಸು.

ಹಾಕಬಹುದಾ? ಕೊಂದವನ ಮೇಲೆ ಖಂಡಿತ ಹಾಕಬಹುದು. ಬರೀ ಸಂಬಂಧಿಕರು ಎಂಬ ಕಾರಣಕ್ಕೆ ಮನೆಯವರ ಮೇಲೆ ಹಾಕಿದರೆ ನಿಲ್ಲುವುದಿಲ್ಲ. ಆದರೆ ಮನೆಯವರು ಕಟಕಟೆಗೆ ಬರುವ ಬಾಗಿಲುಗಳೂ ಕೆಲವು ಉಂಟು. ಎರಡೂ ಕಡೆಯವರು ಇದನ್ನು ತಿಳಿದಿರುವುದು ಒಳ್ಳೆಯದು.

ಕೊಂದವನ ಮೇಲಿನ ಹಕ್ಕು ಬ್ರಿಟಿಷರ ಕಾಲದ್ದು. 1855ರ ಮಾರಕ ಅಪಘಾತಗಳ ಕಾಯ್ದೆ ಎಂದು ಅದರ ಹೆಸರು. ಹೆಸರಿನಲ್ಲಿ ಅಪಘಾತ ಇದ್ದರೂ, ಸಾವು ಅಪರಾಧದಿಂದ ಆಗಿದ್ದರೂ ದಾವೆ ಹೂಡಬಹುದು ಎಂದು ಕಾಯ್ದೆಯಲ್ಲೇ ಬರೆದಿದೆ. ಗಂಡ, ಹೆಂಡತಿ, ತಂದೆ-ತಾಯಿ, ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಇದರ ಫಲಾನುಭವಿಗಳು. ಅಣ್ಣ-ತಮ್ಮ, ಅಕ್ಕ-ತಂಗಿ ಈ ಪಟ್ಟಿಯಲ್ಲಿಲ್ಲ. ತಂಗಿಯ ಮದುವೆ ಖರ್ಚು ಹೊತ್ತಿದ್ದ ಅಣ್ಣ ಸತ್ತರೆ ತಂಗಿಗೆ ಇದರಡಿ ಏನೂ ಸಿಗದು. ನನ್ನ ಪ್ರಕಾರ ಇದು ನಮ್ಮ ಮನೆಗಳು ನಡೆಯುವ ರೀತಿ ತಿಳಿಯದವರು ಮಾಡಿದ ಪಟ್ಟಿ.

ಇಲ್ಲಿ ಹೆಚ್ಚಿನವರು ಸೋಲುವುದು ವಾದದಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಈ ದಾವೆಗೆ ಇರುವ ಅವಧಿ ಎರಡೇ ವರ್ಷ. ಅದೂ ಸತ್ತ ದಿನದಿಂದ, ತೀರ್ಪಿನ ದಿನದಿಂದ ಅಲ್ಲ. ಸೆಷನ್ಸ್ ಕೋರ್ಟಿನಲ್ಲಿ ಕೊಲೆ ಕೇಸು ಎರಡು ವರ್ಷದಲ್ಲಿ ಮುಗಿಯುವುದು ಅಪರೂಪ. ಮೊದಲು ಶಿಕ್ಷೆ ಆಗಲಿ, ಆಮೇಲೆ ನೋಡುವ ಎಂದು ಕೂತ ಮನೆಯವರಿಗೆ ಶಿಕ್ಷೆ ಆದ ದಿನವೇ ಬಾಗಿಲು ಮುಚ್ಚಿರ್ತದೆ. ಸಿವಿಲ್ ದಾವೆಗೆ ಶಿಕ್ಷೆ ಆಗಿರಲೇಬೇಕು ಎಂದೇನೂ ಇಲ್ಲ. ಅದು ತನ್ನದೇ ಸಾಕ್ಷ್ಯ ಕೇಳ್ತದೆ, ಅಲ್ಲಿ ಬೇಕಾದ ರುಜುವಾತಿನ ಮಟ್ಟವೂ ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಲ್ಲ.

ಈಗ ಸಂಬಂಧಿಕರ ವಿಷಯ. ಗಲ್ಫ್‌ನಲ್ಲಿ ಇದ್ದು ಬಂದವರಿಗೆ ಇಲ್ಲೊಂದು ಗೊಂದಲ ಸಹಜ. 2024ರಲ್ಲಿ ಸೌದಿ ಜೈಲಿನಲ್ಲಿದ್ದ ಕೋಝಿಕ್ಕೋಡಿನ ಚಾಲಕನೊಬ್ಬನಿಗಾಗಿ 34 ಕೋಟಿ ರೂಪಾಯಿ ದಿಯತ್ ಒಟ್ಟುಗೂಡಿದ್ದು ನೆನಪಿರಬಹುದು, ನಮ್ಮ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಆ ಮನವಿ ಓಡಾಡಿತ್ತು. ಶಾಫಿಈ ಫಿಕ್‌ಹ್‌ನಲ್ಲಿ ಸಂಬಂಧಿಕರ ಹೊಣೆಗೆ 'ಆಕಿಲ' ಎಂಬ ಹೆಸರೇ ಉಂಟು. ಕೈತಪ್ಪಿ ಆದ ಸಾವಿಗೆ, ಕೊಲ್ಲುವ ಉದ್ದೇಶವಿಲ್ಲದ ಪೆಟ್ಟಿನಿಂದಾದ ಸಾವಿಗೆ ತಂದೆಯ ಕಡೆಯ ಗಂಡಸರು ಮೂರು ವರ್ಷಗಳಲ್ಲಿ ದಿಯತ್ ಕೊಡಬೇಕು. ಅಪ್ಪ ಮತ್ತು ಮಗ ಅದರಲ್ಲಿ ಸೇರುವುದಿಲ್ಲ. ಅಣ್ಣ-ತಮ್ಮಂದಿರು, ಚಿಕ್ಕಪ್ಪ-ದೊಡ್ಡಪ್ಪಂದಿರು, ಅವರ ಗಂಡುಮಕ್ಕಳು ಸೇರ್ತಾರೆ. ಬೇಕೆಂದೇ ಕೊಂದರೆ ದಿಯತ್ ಕೊಂದವನ ಸ್ವಂತ ಆಸ್ತಿಯಿಂದಲೇ ಹೋಗಬೇಕು. ಅಂದರೆ ಉದ್ದೇಶಪೂರ್ವಕ ಕೊಲೆಗೆ ಮನೆಯವರು ತೆರಬೇಕೆಂದು ಅಲ್ಲೂ ಹೇಳಿಲ್ಲ. ಭಾರತದ ಕೋರ್ಟುಗಳಲ್ಲಿ ಈ ನಿಯಮ ಜಾರಿಯಲ್ಲಿಲ್ಲ.

ಹಾಗಾದರೆ ಮನೆಯವರು ಸಿಕ್ಕಿಬೀಳುವುದು ಎಲ್ಲಿ? ಅವರದ್ದೇ ತಪ್ಪು ಇದ್ದಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2021ರ ನವೆಂಬರ್ 30ರಂದು ಆಕ್ಸ್‌ಫರ್ಡ್ ಹೈಸ್ಕೂಲಿನ ಹುಡುಗನೊಬ್ಬ ನಾಲ್ವರು ವಿದ್ಯಾರ್ಥಿಗಳನ್ನು ಗುಂಡಿಟ್ಟು ಕೊಂದ. ಪಿಸ್ತೂಲು ತಂದುಕೊಟ್ಟದ್ದು ಅಪ್ಪ. 2024ರಲ್ಲಿ ಅಪ್ಪ-ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಜೈಲಾಯಿತು. ಸತ್ತ ಮಕ್ಕಳ ಮನೆಯವರು ಪರಿಹಾರಕ್ಕೆ ಸಿವಿಲ್ ದಾವೆಗಳನ್ನೂ ಹೂಡಿದರು. ಕೊಂದವನ ಅಪ್ಪ-ಅಮ್ಮ ಎಂಬ ಕಾರಣಕ್ಕಲ್ಲ, ಅವರ ಸ್ವಂತ ನಿರ್ಲಕ್ಷ್ಯಕ್ಕೆ. ಲೈಸೆನ್ಸ್ ಕೋವಿ ಇಟ್ಟುಕೊಂಡ ತೋಟದ ಮನೆಯವರು ಇದನ್ನು ಒಮ್ಮೆ ಯೋಚಿಸಬೇಕು. ಲೈಸೆನ್ಸ್ ಒಬ್ಬನ ಹೆಸರಿಗೆ, ಕೋವಿ ಮಾತ್ರ ಎಲ್ಲರ ಕೈಗೆ ಸಿಗುವ ಮೂಲೆಯಲ್ಲಿ!

ನಮ್ಮಲ್ಲಿ ಇದಕ್ಕಿಂತ ಹತ್ತಿರದ್ದು ಬೈಕ್ ಮತ್ತು ಜೀಪ್. 18 ತುಂಬದ ಹುಡುಗ ಓಡಿಸಿ ಯಾರಾದರೂ ಸತ್ತರೆ, ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕ ಅಥವಾ ವಾಹನದ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಪರಿಹಾರದ ಕ್ಲೇಮು ಬರುವುದೂ ಆರ್‌ಸಿಯಲ್ಲಿ ಹೆಸರಿರುವವನ ಮೇಲೆ. ಲೈಸೆನ್ಸ್ ಇಲ್ಲದವನು ಓಡಿಸಿದ್ದರೆ ವಿಮಾ ಕಂಪೆನಿ ಹಣ ಕೊಟ್ಟರೂ ಮಾಲೀಕನಿಂದ ವಸೂಲಿ ಮಾಡಬಹುದು. ಹುಡುಗ ಕೇಳದೆ ಕೀ ತೆಗೆದುಕೊಂಡು ಹೋದ ಎಂಬ ಮಾತು 2011ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಡೆಯಲಿಲ್ಲ. ಈ ಕ್ಲೇಮಿಗೆ ಈಗ ಆರು ತಿಂಗಳ ಅವಧಿ.

ಇನ್ನೊಂದು ಬಾಗಿಲು ಆಸ್ತಿಯದ್ದು. ಕೊಂದವನು ತೀರಿಕೊಂಡರೆ, ಡಿಕ್ರಿಯ ಹಣವನ್ನು ವಾರಸುದಾರರಿಂದ ಕೇಳಬಹುದು, ಆದರೆ ಅವನಿಂದ ಅವರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಮಯ್ಯಿತ್ತಿನ ಸಾಲ ತೀರಿಸಿ ಮತ್ತೆ ಪಾಲು ಎಂದು ನಮಗೆ ಗೊತ್ತಿರುವುದೂ ಇದೇ ತಾನೆ. ಅವನು ಬದುಕಿದ್ದು, ಕೇಸಿನ ವಾಸನೆ ಹತ್ತಿದ ಕೂಡಲೇ ತೋಟವನ್ನು ತಮ್ಮನಿಗೆ ಹಿಬಾ ಮಾಡಿದರೆ? ಪಾವತಿ ತಪ್ಪಿಸುವ ಉದ್ದೇಶದ ವರ್ಗಾವಣೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆಗ ತಮ್ಮನೂ ಪ್ರತಿವಾದಿ. ಅದಕ್ಕಿಂತ ಜಾಣತನ, ದಾವೆ ಹೂಡುವಾಗಲೇ ತೀರ್ಪಿಗೆ ಮೊದಲು ಜಪ್ತಿಗೆ ಅರ್ಜಿ ಹಾಕುವುದು. ಅವನ ಹೆಂಡತಿಯ ಮಹರ್, ಅವಳ ಚಿನ್ನ, ಅಪ್ಪನ ಹೆಸರಿನ ತೋಟ ಇವುಗಳನ್ನು ಮುಟ್ಟುವಂತಿಲ್ಲ. ಗಂಡನ ತಪ್ಪಿಗೆ ಅವಳ ಕಿವಿಯ ಅಲಿಕತ್ತು ಕೇಳುವುದು ನ್ಯಾಯವೂ ಅಲ್ಲ.

ಆದರೆ ಕೊಂದವನು ದಿನಗೂಲಿಯವನಾದರೆ, ಮೇಲಿನದ್ದೆಲ್ಲ ಕಾಗದದ ಮೇಲಿನ ಗೆಲುವು. ಕ್ರಿಮಿನಲ್ ಕೋರ್ಟೇ ಶಿಕ್ಷೆಯ ಜೊತೆ ಪರಿಹಾರಕ್ಕೆ ಆದೇಶಿಸಬಹುದು. ಪರಿಹಾರದ ಬಗ್ಗೆ ಯೋಚಿಸುವುದು ನ್ಯಾಯಾಲಯದ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಕರ್ನಾಟಕದಲ್ಲಿ 2011ರ ಸಂತ್ರಸ್ತರ ಪರಿಹಾರ ಯೋಜನೆ ಇದೆ, ಅದರ ಹಣ ಸರಕಾರದ್ದು. ಆರೋಪಿ ಪತ್ತೆಯೇ ಆಗದಿದ್ದರೂ ಅವಲಂಬಿತರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಉಂಟು. ಸಹಾಯವಾಣಿ 15100.

ಕೊನೆಗೆ ಜಮಾಅತಿನವರಿಗೆ ಒಂದು ಮಾತು. ಎರಡೂ ಮನೆಯವರನ್ನು ಕೂರಿಸಿ ಸತ್ತವನ ಮಕ್ಕಳಿಗೆ ಏನಾದರೂ ಕೊಡಿಸುವುದು ಒಳ್ಳೆಯ ಕೆಲಸ. ಆದರೆ ಕೊಲೆ ನಮ್ಮ ಕಾನೂನಿನಲ್ಲಿ ರಾಜಿ ಆಗುವ ಅಪರಾಧ ಅಲ್ಲ. ಹಣ ತಗೊಳ್ಳಿ, ಸಾಕ್ಷಿ ಹೇಳಬೇಡಿ ಅಂತ ಮಾತಾಡಿದರೆ ಕೊಟ್ಟವನೂ ತಗೊಂಡವನೂ ಆರೋಪಿಗಳಾಗ್ತಾರೆ. ಕೊಡುವುದಿದ್ದರೆ ವಿಧವೆಯ ಬ್ಯಾಂಕ್ ಖಾತೆಗೆ ಕೊಡಿ, ರಶೀದಿ ಇರಲಿ. ಕ್ರಿಮಿನಲ್ ಕೇಸಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ಕಾಗದದಲ್ಲಿ ಬರೆಸಿ, ಸಹಿಗೆ ಮೊದಲು ಆ ಕಾಗದವನ್ನು ಅವಳ ವಕೀಲರಿಗೆ ಓದಲು ಕೊಡಿ.