ಹವಳದ ದಿಬ್ಬಕ್ಕೆ ಬರುವ ತೆರೆ
ಕಡಲಿನ ಮುನ್ಸೂಚನೆಯನ್ನು ಓದುವ ಬಗೆ

ಆಷಾಢದ ದಿನಗಳಲ್ಲಿ ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ನಿಂತವರು ನೀರಿನ ಮೈಮೇಲೆ ಗಾಳಿ ಎಬ್ಬಿಸುವ ಪುಟ್ಟ ತೆರೆಗಳನ್ನು ಕಂಡಿರುತ್ತಾರೆ. ಅವುಗಳ ಎತ್ತರ ಒಂದೆರಡು ಅಂಗುಲವನ್ನು ಮೀರುವುದು ಅಪರೂಪ. ಅದೇ ದಿನ ಅದೇ ಗಾಳಿ ಪಾಂಡವಪುರದ ಬಳಿಯ ತೊಣ್ಣೂರು ಕೆರೆಯಲ್ಲಿ ಇನ್ನಷ್ಟು ದೊಡ್ಡ ತೆರೆಗಳನ್ನು ಎಬ್ಬಿಸುತ್ತದೆ. ಕೃಷ್ಣರಾಜಸಾಗರದ ವಿಶಾಲವಾದ ನೀರಿನಲ್ಲಿಯಾದರೋ ಕಟ್ಟೆಗೆ ಸದ್ದುಮಾಡಿ ಬಡಿಯುವ ತೆರೆಗಳೇ ಏಳುತ್ತವೆ. ಗಾಳಿ ಒಂದೇ ಆಗಿರುವಾಗ ತೆರೆಗಳಲ್ಲಿ ಈ ಭೇದವೇಕೆ? ಇದಕ್ಕೆ ಉತ್ತರ ತಿಳಿದರೆ, ಇಲ್ಲಿಂದ ಪಡುವಣಕ್ಕೆ ಸುಮಾರು 200 ಕಿಲೋಮೀಟರು ದೂರದಲ್ಲಿರುವ ಅರಬ್ಬೀ ಸಮುದ್ರದ ತೆರೆಗಳ ಗುಟ್ಟಿನ ಅರ್ಧಭಾಗ ತಿಳಿದಂತೆಯೇ ಸರಿ.

ಒಳನಾಡಿನ ವಿದ್ಯಾರ್ಥಿಗಳಿಗೆ ಕಡಲಿನ ವಿಷಯವೇತಕ್ಕೆ ಎಂದು ಕೇಳುವಂತಿಲ್ಲ. ಪ್ರತಿವರ್ಷವೂ ನಮ್ಮ ಶಾಲಾಕಾಲೇಜುಗಳಿಂದ ಸಾವಿರಾರು ಮಂದಿ ಕರಾವಳಿಗೆ ಪ್ರವಾಸ ಹೋಗುತ್ತಾರೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಹಾಗೆ ಹೋಗಿದ್ದ ನಾಲ್ವರು ಬಾಲಕಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದರು. ಕೆರೆಯನ್ನು ಮಾತ್ರ ಬಲ್ಲವರ ಕಣ್ಣಿಗೆ ಕಡಲು ದೊಡ್ಡದೊಂದು ಕೆರೆಯಂತೆ ತೋರುತ್ತದೆ. ಅದು ಹಾಗಲ್ಲವೆಂಬುದನ್ನು ಅರಿಯುವುದೇ ಈ ಲೇಖನದ ಉದ್ದೇಶ.

ತೆರೆಯ ಹುಟ್ಟು

ಗಾಳಿಯಿಂದ ಹುಟ್ಟುವ ತೆರೆಯ ಗಾತ್ರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಗಾಳಿಯ ವೇಗ, ಅದು ಬೀಸುವ ಕಾಲ, ಮತ್ತು ಅದು ತಡೆಯಿಲ್ಲದೆ ನೀರಿನ ಮೇಲೆ ಸಾಗುವ ದೂರ. ಕಲ್ಯಾಣಿಯಲ್ಲಿ ಈ ದೂರ ಕೆಲವೇ ಮೀಟರುಗಳು. ತೆರೆ ಬೆಳೆಯುವಷ್ಟರಲ್ಲಿ ದಡ ಬಂದುಬಿಡುತ್ತದೆ. ಸಾಗರದಲ್ಲಿ ಅದು ಸಾವಿರಾರು ಕಿಲೋಮೀಟರಾಗಬಹುದು.

ತೆರೆಯೊಡನೆ ನೀರೂ ಸಾಗಿಬರುತ್ತದೆಯೆಂದು ಭಾವಿಸುವುದು ಸರಿಯಲ್ಲ. ಮಂಡ್ಯದ ಬತ್ತದ ಗದ್ದೆಯ ಮೇಲೆ ಗಾಳಿ ಬೀಸಿದಾಗ ಪೈರಿನ ಅಲೆ ಈ ಬದುವಿನಿಂದ ಆ ಬದುವಿಗೆ ಓಡುತ್ತದೆ. ಪೈರು ಮಾತ್ರ ಬೇರೂರಿದ ತಾಣದಲ್ಲಿಯೇ ಬಾಗಿ ಏಳುತ್ತದೆ. ಆಳವಾದ ಕಡಲಿನಲ್ಲಿಯೂ ನೀರಿನ ಕಣವು ತನ್ನ ನೆಲೆಯಲ್ಲಿಯೇ ಒಂದು ಸುತ್ತು ತಿರುಗುತ್ತದೆ. ಮುಂದಕ್ಕೆ ಸಾಗುವುದು ಶಕ್ತಿ.

ಒಂದು ಶಿಖರ ಕಳೆದು ಮತ್ತೊಂದು ಶಿಖರ ಬರಲು ಹಿಡಿಯುವ ಸಮಯವನ್ನು ತೆರೆಯ ಅವಧಿ ಎನ್ನುತ್ತೇವೆ. ಮುನ್ಸೂಚನೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಮತ್ತೊಂದಿಲ್ಲ. ಆಳವಾದ ನೀರಿನಲ್ಲಿ ಅವಧಿಯ ಸೆಕೆಂಡುಗಳನ್ನು 1.56ರಿಂದ ಗುಣಿಸಿದರೆ ತೆರೆಯ ವೇಗ ಸೆಕೆಂಡಿಗೆ ಇಷ್ಟು ಮೀಟರೆಂದು ದೊರೆಯುತ್ತದೆ. ಆ ವೇಗವನ್ನು ಮತ್ತೆ ಅವಧಿಯಿಂದ ಗುಣಿಸಿದರೆ ಎರಡು ಶಿಖರಗಳ ನಡುವಣ ಅಂತರ, ಅಂದರೆ ತರಂಗದೂರ ಸಿಕ್ಕುತ್ತದೆ. 6 ಸೆಕೆಂಡಿನ ತೆರೆಯ ತರಂಗದೂರ 56 ಮೀಟರು. 18 ಸೆಕೆಂಡಿನದು 505 ಮೀಟರು. ಅವಧಿ ಮೂರು ಪಟ್ಟಾದರೆ ವೇಗವೂ ಮೂರು ಪಟ್ಟು, ತರಂಗದೂರವೋ ಒಂಬತ್ತು ಪಟ್ಟು!

ದೀರ್ಘ ಪ್ರಯಾಣ

ಆಫ್ರಿಕದ ದಕ್ಷಿಣ ತುದಿಗೂ ಕೆಳಗೆ, 40ನೆಯ ದಕ್ಷಿಣ ಅಕ್ಷಾಂಶದಿಂದಾಚೆ, ಪಡುವಣ ಗಾಳಿಗೆ ಅಡ್ಡಬರುವ ಭೂಮಿ ಬಹಳ ಕಡಮೆ. ನಾವಿಕರು ಈ ವಲಯವನ್ನು ‘ಗರ್ಜಿಸುವ ನಲವತ್ತು’ ಎಂದು ಕರೆದರು. ಅಲ್ಲಿನ ಬಿರುಗಾಳಿಗಳು ಹುಟ್ಟಿಸಿದ ತೆರೆಗಳು ತಮ್ಮ ತೌರನ್ನು ಬಿಟ್ಟು ಹೊರಟು, ಗಾಳಿಯ ಆಸರೆಯಿಲ್ಲದೆಯೇ ಹಿಂದೂ ಮಹಾಸಾಗರವನ್ನು ದಾಟಿ ನಮ್ಮ ಕರಾವಳಿಗೆ ಬರುತ್ತವೆ. ಇಂತಹ ದೂರದಿಂದ ಬಂದ, ನುಣ್ಣನೆಯ ಬೆನ್ನಿನ ತೆರೆಗಳನ್ನು ಉಬ್ಬಲೆಗಳೆಂದು ಕರೆಯೋಣ.

ಒಂಟಿ ಶಿಖರದ ವೇಗ ಬೇರೆ, ತೆರೆಗಳ ತಂಡದ ವೇಗ ಬೇರೆ. ತಂಡದ ಮುಂದಿನ ತೆರೆಗಳು ಅಡಗುತ್ತ, ಹಿಂದೆ ಹೊಸ ತೆರೆಗಳು ಏಳುತ್ತ ಹೋಗುವುದರಿಂದ, ಶಕ್ತಿಯು ಶಿಖರದ ಅರ್ಧ ವೇಗದಲ್ಲಿ ಮಾತ್ರ ಸಾಗುತ್ತದೆ. 45ನೆಯ ದಕ್ಷಿಣ ಅಕ್ಷಾಂಶದಿಂದ 11ನೆಯ ಉತ್ತರ ಅಕ್ಷಾಂಶದವರೆಗಿನ ದೂರ ಸುಮಾರು 6,200 ಕಿಲೋಮೀಟರು. 18 ಸೆಕೆಂಡಿನ ತೆರೆಗಳ ತಂಡವು ಗಂಟೆಗೆ 50 ಕಿಲೋಮೀಟರಿನಂತೆ ಇದನ್ನು ಸುಮಾರು 5 ದಿನಗಳಲ್ಲಿ ದಾಟುತ್ತದೆ. 12 ಸೆಕೆಂಡಿನ ತಂಡಕ್ಕೆ 8 ದಿನಗಳೇ ಬೇಕಾಗುತ್ತವೆ. ಒಂದೇ ಬಿರುಗಾಳಿಯ ಮಕ್ಕಳಾದರೂ ಉದ್ದನೆಯವು ಮೊದಲು ಬರುತ್ತವೆ, ಗಿಡ್ಡನೆಯವು ಹಿಂದುಳಿಯುತ್ತವೆ. ಈ ಅಂತರವನ್ನು ಅಳೆದು, ಬಿರುಗಾಳಿ ಎಷ್ಟು ದೂರದಲ್ಲಿ ಎದ್ದಿತ್ತೆಂದು ದಡದಲ್ಲಿ ಕುಳಿತೇ ಲೆಕ್ಕ ಹಾಕಬಹುದು.

ತೆರೆಗಳ ಮುನ್ಸೂಚನೆ ಶಾಸ್ತ್ರವಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸೈನ್ಯವನ್ನು ದಡಕ್ಕಿಳಿಸಲು ತಕ್ಕ ದಿನವನ್ನು ಆರಿಸಬೇಕಾಗಿದ್ದಾಗ ಹೆರಾಲ್ಡ್ ಸ್ವೆರ್ಡ್ರಪ್ ಮತ್ತು ವಾಲ್ಟರ್ ಮುಂಕ್ ಅದರ ವಿಧಾನವನ್ನು ರೂಪಿಸಿದರು. 1944ರ ನಾರ್ಮಂಡಿ ದಾಳಿಯಲ್ಲಿ ಅದು ನೆರವಿಗೆ ಬಂದಿತು. 1963ರಲ್ಲಿ ಮುಂಕ್ ಮತ್ತು ಸಂಗಡಿಗರು ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಮಾಪನ ನೆಲೆಗಳನ್ನು ಹೂಡಿ, ದಕ್ಷಿಣ ಸಾಗರದ ಉಬ್ಬಲೆಗಳು ಶಾಂತಸಾಗರವನ್ನು ದಾಟುವುದನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದರು.

ಮರಳು ಮತ್ತು ಹವಳ

ತರಂಗದೂರದ ಅರ್ಧಕ್ಕಿಂತ ಆಳ ಕಡಮೆಯಾದೊಡನೆ ತೆರೆಗೆ ತಳದ ಅರಿವಾಗುತ್ತದೆ. ಅದರ ವೇಗ ತಗ್ಗುತ್ತದೆ, ಶಿಖರಗಳು ಹತ್ತಿರ ಸರಿಯುತ್ತವೆ, ಎತ್ತರ ಹೆಚ್ಚುತ್ತದೆ. ನೀರಿನ ಆಳವು ತೆರೆಯ ಎತ್ತರದ ಸುಮಾರು 1.3ರಷ್ಟಾದಾಗ ಶಿಖರ ಮುಂದಕ್ಕೆ ಬಾಗಿ ಒಡೆಯುತ್ತದೆ. ಒಡೆಯುವ ಬಗೆಯಾದರೋ ತಳದ ಇಳಿಜಾರನ್ನು ಅವಲಂಬಿಸಿದೆ.

ಮೂಲ್ಕಿಯ ಬಳಿಯ ಸಸಿಹಿತ್ಲು ಕಡಲತೀರದಲ್ಲಿ ತಳವೆಲ್ಲ ಮರಳು. 2016ರಲ್ಲಿ ಅಲ್ಲಿ ಅಲೆಸವಾರಿಯ ರಾಷ್ಟ್ರೀಯ ಸ್ಪರ್ಧೆ ನಡೆದು ಊರಿನ ಹೆಸರು ದೂರದೂರಕ್ಕೆ ಹಬ್ಬಿತು. ಇಳಿಜಾರು ಮೆಲ್ಲನೆಯದಾದೆಡೆ ತೆರೆಯ ತಲೆಯಿಂದ ನೊರೆ ಜಾರುತ್ತ ಮೆಲ್ಲಗೆ ಒಡೆಯುತ್ತದೆ. ಪ್ರತಿ ಮಳೆಗಾಲವೂ ಮರಳನ್ನು ಸ್ಥಳಾಂತರಿಸುವುದರಿಂದ ತೆರೆ ಒಡೆಯುವ ತಾಣವೂ ಬದಲಾಗುತ್ತಿರುತ್ತದೆ.

ಹವಳದ ದಿಬ್ಬದ ರೀತಿಯೇ ಬೇರೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ಆಚೆ ಇರುವ ನೇತ್ರಾಣಿ ನಡುಗಡ್ಡೆಯ ಸುತ್ತ, ಬಂಡೆಗಳಿಗೆ ಅಂಟಿ ಬೆಳೆದ ಹವಳವನ್ನು ನಮ್ಮ ರಾಜ್ಯದಲ್ಲಿಯೇ ಕಾಣಬಹುದು. ಸಂಪೂರ್ಣವಾಗಿ ಬೆಳೆದ ದಿಬ್ಬವನ್ನು ನೋಡಬೇಕಾದರೆ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ಅಮಿನಿದೀವಿ ದ್ವೀಪಗಳಿಗೆ ಹೋಗಬೇಕು. 1956ರ ನವೆಂಬರಿನಲ್ಲಿ ಕೇಂದ್ರಾಡಳಿತ ಪ್ರದೇಶ ರಚಿತವಾಗುವವರೆಗೆ ಇವು ಮಂಗಳೂರನ್ನು ಕೇಂದ್ರವಾಗುಳ್ಳ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು.

ಈ ದ್ವೀಪಗಳು ಆಳವಾದ ಕಡಲಿನಿಂದ ಕಡಿದಾಗಿ ಮೇಲೆದ್ದಿವೆ. ಮಂಗಳೂರಿಗೆ ಬರುವ 18 ಸೆಕೆಂಡಿನ ಉಬ್ಬಲೆಗೆ ಭೂಖಂಡದ ಅಂಚಿನಲ್ಲಿಯೇ, 250 ಮೀಟರು ಆಳದಲ್ಲಿ, ತಳದ ಅರಿವಾಗುತ್ತದೆ. ಅಲ್ಲಿಂದ ಹತ್ತಾರು ಕಿಲೋಮೀಟರು ಹಾದುಬರುವಾಗ ಅದು ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ತಳಕ್ಕೆ ಒಪ್ಪಿಸುತ್ತದೆ. ಹವಳದ ದಿಬ್ಬಕ್ಕೆ ಬರುವ ಉಬ್ಬಲೆಯಾದರೋ ಆಳದಿಂದ ನೇರವಾಗಿ ಬಂದು, ಥಟ್ಟನೆ ಎತ್ತರಿಸಿ, ಕೊಳವೆಯಂತೆ ಸುರುಳಿಗೊಂಡು ಅಪ್ಪಳಿಸುತ್ತದೆ. ದಿಬ್ಬವು ಕದಲದ ಕಾರಣ ಪ್ರತಿ ತೆರೆಯೂ ಹೆಚ್ಚುಕಡಮೆ ಒಂದೇ ಕಡೆ ಒಡೆಯುತ್ತದೆ. ಅಲೆಸವಾರರಿಗೆ ಇದು ಮೆಚ್ಚು. ಆದರೆ ತೆರೆಯ ಕೆಳಗಿರುವುದು ಮರಳಲ್ಲ, ಚೂರಿಯಂತಹ ಹವಳ.

ಗಾಳಿ, ಮಳೆ, ಉಬ್ಬರವಿಳಿತ

ಮುನ್ಸೂಚನೆಗೆ ಉಬ್ಬಲೆಯೊಂದೇ ಸಾಲದು. ಸ್ಥಳದ ಹವೆಯನ್ನೂ ಗಣಿಸಬೇಕು. ಜೂನ್ ಮೊದಲ ವಾರದಲ್ಲಿ ನೈಋತ್ಯ ಮಾರುತ ನಮ್ಮ ಕರಾವಳಿಗೆ ಬರುತ್ತದೆ. ಘಟ್ಟವನ್ನೇರುವಾಗ ಅದು ತನ್ನ ನೀರನ್ನು ಸುರಿಸಿಬಿಡುತ್ತದೆ: ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು, ಮಂಡ್ಯ ಜಿಲ್ಲೆಯಲ್ಲಿ ಸುಮಾರು 700. ಮೇಲುಕೋಟೆಯ ಬೆಟ್ಟದ ಮೇಲೆ ಬರಿಯ ಗಾಳಿಯಾಗಿ ಬೀಸುವ ಈ ಮಾರುತವೇ ಕಡಲಿನಲ್ಲಿ 3 ಮೀಟರಿಗೂ ಮಿಕ್ಕ, ಒಂದಕ್ಕೊಂದು ಹೆಣೆದುಕೊಂಡ ಒರಟು ತೆರೆಗಳನ್ನು ಎಬ್ಬಿಸುತ್ತದೆ. ಆಗ ನೇತ್ರಾಣಿಗೆ ಪ್ರವಾಸಿಗಳ ದೋಣಿ ಹೋಗದು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧವುಂಟು.

ಮಳೆಗಾಲ ಕಳೆದ ಮೇಲೆ ದಿನದ ಲಯ ಬೇರೆಯಾಗುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಮುಂಜಾನೆ ನೆಲದಿಂದ ಕಡಲಿನತ್ತ ಮಂದವಾದ ಗಾಳಿ ಬೀಸುತ್ತದೆ. ಎದುರಿನಿಂದ ಬರುವ ಈ ಗಾಳಿ ತೆರೆಯ ಮುಖವನ್ನು ತಡೆದು ನಿಲ್ಲಿಸಿ ನಯಗೊಳಿಸುತ್ತದೆ. ಮಧ್ಯಾಹ್ನದ ಕಡಲ ಗಾಳಿ ಅದರ ಮೇಲೆ ಗಿಡ್ಡ ತೆರೆಗಳನ್ನೆಬ್ಬಿಸಿ ಕೆಡಿಸುತ್ತದೆ.

ಇನ್ನು ಉಬ್ಬರವಿಳಿತ. ಮಂಗಳೂರಿನ ಕಡೆ ಅದರ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಮೀಟರಿನಷ್ಟು. ಮರಳ ದಡದಲ್ಲಿ ಇದರಿಂದ ತೆರೆ ಒಡೆಯುವ ತಾಣ ಹಿಂದುಮುಂದಾಗುತ್ತದೆ, ಅಷ್ಟೆ. ಹವಳದ ದಿಬ್ಬದ ಮೇಲೆ ಅಷ್ಟು ನೀರೇ ಸರ್ವಸ್ವ. ಉಬ್ಬರದಲ್ಲಿ ದಿಬ್ಬವನ್ನು ಸುಮ್ಮನೆ ದಾಟಿಹೋಗುವ ಒಂದು ಮೀಟರಿನ ತೆರೆ, ಇಳಿತದಲ್ಲಿ ಬರಿಯ ಹವಳದ ಮೇಲೆಯೇ ಒಡೆಯುತ್ತದೆ.

ಅಂಕಿಗಳ ಅರ್ಥ

ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪಿತವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಗಾಳಿಯ ನಕ್ಷೆ, ಉಪಗ್ರಹಗಳ ಅಳತೆ ಮತ್ತು ಕಡಲಿನಲ್ಲಿ ತೇಲುವ ಮಾಪಕಗಳ ವರದಿಗಳನ್ನು ಗಣಕಯಂತ್ರದಲ್ಲಿ ಬೆರೆಸಿ ಕಡಲಿನ ಸ್ಥಿತಿಯನ್ನು ಮುಂಚಿತವಾಗಿ ತಿಳಿಸುತ್ತದೆ. ಅದರಲ್ಲಿ ಕೊಡುವ ಎತ್ತರವು ಅತಿ ದೊಡ್ಡ ತೆರೆಯದಲ್ಲ. ತೆರೆಗಳಲ್ಲಿ ದೊಡ್ಡವಾದ ಮೂರನೆಯ ಒಂದು ಭಾಗದ ಸರಾಸರಿ. ಆದುದರಿಂದ ಒಂದು ಮೀಟರೆಂದು ಹೇಳಿದ ದಿನ ಒಮ್ಮೊಮ್ಮೆ ಎರಡು ಮೀಟರಿನ ತೆರೆಯೂ ಬಂದೀತು.

ಎತ್ತರ ಒಂದೇ ಆದ ಎರಡು ದಿನಗಳನ್ನು ಹೋಲಿಸೋಣ. ಒಂದು ಮೀಟರು ಎತ್ತರ, 6 ಸೆಕೆಂಡು ಅವಧಿಯ ತೆರೆಗಳು ದಡದ ಪ್ರತಿ ಮೀಟರಿಗೂ ಸುಮಾರು 3 ಕಿಲೋವಾಟು ಸಾಮರ್ಥ್ಯವನ್ನು ಹೊತ್ತು ತರುತ್ತವೆ. 16 ಸೆಕೆಂಡಿನವು ತರುವುದು 8 ಕಿಲೋವಾಟು. ದಡವನ್ನು ಏರಿಬರುವ ದೂರವೂ ಅವುಗಳದೇ ಹೆಚ್ಚು. ಎತ್ತರವನ್ನು ಮಾತ್ರ ಓದಿ ಅವಧಿಯನ್ನು ಕಡೆಗಣಿಸುವವನು ಮುನ್ಸೂಚನೆಯ ಅರ್ಧವನ್ನಷ್ಟೇ ಓದಿದಂತೆ.

ಕಳ್ಳ ಕಡಲು

ಉಬ್ಬಲೆಯ ಅಪಾಯ ಅದರ ಸೌಮ್ಯರೂಪದಲ್ಲಿಯೇ ಇದೆ. ಆಕಾಶ ತಿಳಿಯಾಗಿರುತ್ತದೆ, ಗಾಳಿಯಿರುವುದಿಲ್ಲ. ಆದರೂ ಕಡಲು ಏಕಾಏಕಿ ಉಕ್ಕಿ ದಡದ ಮನೆಗಳಿಗೆ ನುಗ್ಗುತ್ತದೆ. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕನ್ನಡಿಗರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 2012ರಲ್ಲಿ ಯುನೆಸ್ಕೋ ಸಂಸ್ಥೆಯೂ ಈ ಹೆಸರನ್ನು ಅಂಗೀಕರಿಸಿತು. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರವೊಂದರಲ್ಲಿ ಐವರು ವೈದ್ಯವಿದ್ಯಾರ್ಥಿಗಳು ತೆರೆಗೆ ಸಿಕ್ಕಿ ಮೃತರಾದರು. ಉಬ್ಬಲೆಯ ಎಚ್ಚರಿಕೆ ಆಗ ಪ್ರಕಟವಾಗಿತ್ತು. ಓದಬೇಕಾದವರಿಗೆ ಅದು ತಲುಪುವುದೇ ಕಷ್ಟದ ಕೆಲಸ.

ಮತ್ತೊಂದು ಮೋಸವುಂಟು. 15 ಮತ್ತು 16 ಸೆಕೆಂಡು ಅವಧಿಯ ಎರಡು ತಂಡಗಳು ಕೂಡಿ ಬಂದಾಗ, ಅವುಗಳ ಶಿಖರಗಳು 240 ಸೆಕೆಂಡಿಗೊಮ್ಮೆ ಒಂದರ ಮೇಲೊಂದು ಬೀಳುತ್ತವೆ. ಹೀಗೆ ನಾಲ್ಕು ನಿಮಿಷಕ್ಕೊಮ್ಮೆ ಕೆಲವು ದೊಡ್ಡ ತೆರೆಗಳು, ನಡುವೆ ಸೌಮ್ಯವಾದ ಬಿಡುವು. ಬಿಡುವಿನಲ್ಲಿ ಬಂದು ನೋಡಿದವನು ಕಡಲು ಶಾಂತವಾಗಿದೆಯೆಂದು ನೀರಿಗಿಳಿಯುತ್ತಾನೆ. ದಡದ ಮೇಲೆ ರಾಶಿಯಾದ ನೀರು ತಗ್ಗಿನ ದಾರಿಯೊಂದನ್ನು ಹುಡುಕಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ, ಇದೇ ಸೆಳವು. ಸುತ್ತ ನೊರೆಯಿದ್ದು ನಡುವೆ ಮಾತ್ರ ತೆರೆ ಒಡೆಯದೆ ಶಾಂತವಾಗಿ ಕಾಣುವ ಸ್ಥಳವೇ ಹಲವು ವೇಳೆ ಸೆಳವಿನ ದಾರಿ. ಕಡಲನ್ನು ಕಾಲುಗಂಟೆಯಾದರೂ ನೋಡದೆ ನೀರಿಗಿಳಿಯಬಾರದು. ಸೆಳವಿಗೆ ಸಿಕ್ಕಿದವನು ದಡದತ್ತ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು. ಈಜಲಾರದವನು ತೇಲುತ್ತ ಕೈಯೆತ್ತಿ ನೆರವು ಕೋರಬೇಕು. ಕೆಂಪು ಬಾವುಟವಿದ್ದೆಡೆ ಇಳಿಯಲೇಬಾರದು.

ದಿಬ್ಬದ ನಾಳೆ

ಉಬ್ಬಲೆಯ ಶಕ್ತಿಯ ಬಹುಪಾಲನ್ನು ತಾನೇ ನುಂಗಿ, ಒಳಗಿನ ತಿಳಿನೀರಿನ ಕೊಳವನ್ನೂ ದ್ವೀಪದ ಜನರನ್ನೂ ಕಾಯುವುದು ಹವಳದ ದಿಬ್ಬ. ಅದು ಜೀವಂತವಾದ ಗೋಡೆ. ಸವೆದಷ್ಟನ್ನು ಸಣ್ಣ ಜೀವಿಗಳು ಕಟ್ಟಿಕೊಡುತ್ತಿರುತ್ತವೆ. ಕಡಲು ಮಿತಿಮೀರಿ ಬಿಸಿಯಾದಾಗ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳುಚಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಸತ್ತ ಹವಳ ಪುಡಿಯಾಗಿ ದಿಬ್ಬ ತಗ್ಗಿದರೆ, ಅಂದು ತಡೆಯಲ್ಪಡುತ್ತಿದ್ದ ತೆರೆ ಇಂದು ದಡದ ತೆಂಗಿನ ಬುಡವನ್ನು ಕೊರೆಯುತ್ತದೆ. ತೆರೆ ಯಾವಾಗ ಬರುವುದೆಂದು ಐದು ದಿನ ಮುಂಚೆ ತಿಳಿಸುವುದನ್ನು ಮನುಷ್ಯನು ಕಲಿತಿದ್ದಾನೆ. ಅದನ್ನು ತಡೆಯುವ ಗೋಡೆಯನ್ನು ಉಳಿಸಿಕೊಳ್ಳುವುದನ್ನೂ ಅವನು ಕಲಿಯಬೇಕಾಗಿದೆ.