ದೇಗುಲದಿಂದ ಮನೆಯ ಗೋಡೆಗೆ: ಶ್ರೀಕಾಳಹಸ್ತಿಯ ಕಲಂಕಾರಿ ಚಿತ್ರಪಟಗಳು

ಭಿತ್ತಿಚಿತ್ರ ಮತ್ತು ಚಿತ್ರಪಟ ಇವೆರಡೂ ಗೋಡೆಯನ್ನು ಆಶ್ರಯಿಸಿದ ಕಲೆಗಳೇ ಆದರೂ ಇವುಗಳ ಸ್ವಭಾವ ಭಿನ್ನವಾದುದು. ಭಿತ್ತಿಚಿತ್ರ ತಾನು ಹುಟ್ಟಿದ ಕಟ್ಟಡವನ್ನು ಬಿಟ್ಟು ಹೋಗಲಾರದು. ಬಟ್ಟೆಯ ಮೇಲಿನ ಚಿತ್ರವಾದರೋ ಸುರುಳಿಯಾಗಿ ಊರಿಂದೂರಿಗೆ, ದೇಶದಿಂದ ದೇಶಕ್ಕೆ ಸಾಗಬಲ್ಲದು. ಈ ಚಲನಶೀಲತೆಯಿಂದಲೇ ಶ್ರೀಕಾಳಹಸ್ತಿಯ ಕಲಂಕಾರಿ ದೇಗುಲದಿಂದ ಗೃಹದ ಗೋಡೆಗೆ ಬಂದಿತು. ಈ ಸ್ಥಳಾಂತರದಲ್ಲಿ ಕಲೆ ಪಡೆದುದೇನು, ಕಳೆದುಕೊಂಡುದೇನು ಎಂಬುದರ ಪರಿಶೀಲನೆಯೇ ಪ್ರಸ್ತುತ ಲೇಖನದ ಉದ್ದೇಶ.

'ಕಲಂ' ಎಂದರೆ ಲೇಖನಿ, 'ಕಾರಿ' ಎಂದರೆ ಕೆಲಸ. ಪದ ಪಾರಸಿ ಮೂಲದ್ದು. ಆಂಧ್ರಪ್ರದೇಶದಲ್ಲಿ ಈ ಕಲೆಗೆ ಎರಡು ಕೇಂದ್ರಗಳಿವೆ. ಮಚಲೀಪಟ್ಟಣದಲ್ಲಿ ಮರದ ಅಚ್ಚಿನ ಮುದ್ರಣಕ್ಕೆ ಪ್ರಾಧಾನ್ಯ. ಸ್ವರ್ಣಮುಖಿ ನದಿಯ ದಡದಲ್ಲಿರುವ ಶ್ರೀಕಾಳಹಸ್ತಿಯಲ್ಲಿ ಕಲಾವಿದನು ಲೇಖನಿಯಿಂದಲೇ ರೇಖೆಗಳನ್ನು ಬರೆಯುತ್ತಾನೆ. ದೇವರ ಮೂರ್ತಿಯ ಹಿಂದೆ ತೂಗುವುದಕ್ಕೂ ರಥವನ್ನು ಸಿಂಗರಿಸುವುದಕ್ಕೂ ಇಲ್ಲಿನ ಪಟಗಳು ಬಳಕೆಯಾಗುತ್ತಿದ್ದವು. ಅವುಗಳ ವಿನ್ಯಾಸವೂ ಈ ಬಳಕೆಗೆ ಅನುಗುಣವಾದುದು. ನಡುವೆ ಶ್ರೀರಾಮ ಪಟ್ಟಾಭಿಷೇಕದಂತಹ ದೊಡ್ಡ ದೃಶ್ಯ. ಸುತ್ತಲೂ ಸಾಲುಸಾಲಾಗಿ ಕಥೆಯ ಚಿಕ್ಕ ಚೌಕಗಳು. ಅವುಗಳ ಅಂಚಿನಲ್ಲಿ ತೆಲುಗು ಲಿಪಿಯ ವಿವರಣೆ. ಇಂತಹ ಪಟವನ್ನು ನೋಡುವುದಷ್ಟೇ ಅಲ್ಲ, ಓದಲೂಬೇಕು.

ರಚನಾಕ್ರಮ ದೀರ್ಘವಾದುದು. ಒರಟು ಹತ್ತಿಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನ ದ್ರಾವಣದಲ್ಲಿ ಅದ್ದಿ ಬಿಸಿಲಿಗೆ ಒಣಗಿಸುತ್ತಾರೆ. ಅಳಲೆಯ ಒಗರು ಬಣ್ಣವನ್ನು ಹಿಡಿಯುತ್ತದೆ. ಹಾಲಿನ ಕೊಬ್ಬು ಬಣ್ಣ ಹರಡದಂತೆ ತಡೆಯುತ್ತದೆ. ಹುಣಸೆಕಡ್ಡಿಯ ಇದ್ದಿಲಿನಿಂದ ಕರಡು ರೇಖೆ ಎಳೆದ ಬಳಿಕ, ಬಟ್ಟೆಯನ್ನೋ ಉಣ್ಣೆಯನ್ನೋ ಸುತ್ತಿದ ಬಿದಿರಿನ ಕಲಮಿನಿಂದ ಕಪ್ಪು ಬರೆಯುತ್ತಾರೆ. ತುಕ್ಕುಹಿಡಿದ ಕಬ್ಬಿಣದ ತುಂಡುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ಹುಳಿಸಿದ ದ್ರವವದು. ಅದು ಬಟ್ಟೆಯಲ್ಲಿರುವ ಒಗರಿನೊಡನೆ ಸೇರಿದಾಗಲೇ ಕಡುಕಪ್ಪಾಗುತ್ತದೆ. ಕೆಂಪು ಬರಬೇಕಾದೆಡೆ ಪಟಿಕದ ದ್ರಾವಣ ಬಳಿದು, ಹರಿಯುವ ನೀರಿನಲ್ಲಿ ತೊಳೆದು, ಬಣ್ಣದ ಬೇರು-ತೊಗಟೆಗಳೊಡನೆ ಕುದಿಸುತ್ತಾರೆ. ಪಟಿಕವಿದ್ದಲ್ಲಿ ಮಾತ್ರ ಕೆಂಪು ಕಚ್ಚಿಕೊಳ್ಳುತ್ತದೆ. ಹಳದಿ ಮತ್ತು ನೀಲಿ ಅನಂತರದವು. ನದಿಯ ನೀರೂ ಬಿಸಿಲೂ ಇಲ್ಲಿ ಕಲಾವಿದನ ಉಪಕರಣಗಳೇ ಆಗಿವೆ.

ಗೃಹಾಲಂಕಾರಕ್ಕೆ ಬಣ್ಣ ಬರೆದ ಬಟ್ಟೆಯ ಬಳಕೆ ಹೊಸತೇನಲ್ಲ. ಹದಿನೇಳನೆಯ ಶತಮಾನದಲ್ಲಿ ಕೋರಮಂಡಲ ತೀರದ ಬಟ್ಟೆಗಳು ಯುರೋಪಿನ ಮನೆಗಳಲ್ಲಿ ಹಾಸಿಗೆಯ ಹೊದಿಕೆಯಾಗಿ, ಗೋಡೆಯ ತೂಗುಪಟವಾಗಿ ಮೆರೆದವು. 1663ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಪತ್ನಿಯ ಓದುಕೋಣೆಯ ಒಳಹೊದಿಕೆಗಾಗಿ ಭಾರತದ ಚಿತ್ರಿತ ಬಟ್ಟೆ ಕೊಂಡುದನ್ನು ದಿನಚರಿಯಲ್ಲಿ ದಾಖಲಿಸಿದ್ದಾನೆ. ಬೇಡಿಕೆ ಎಷ್ಟಿತ್ತೆಂದರೆ, ಸ್ಥಳೀಯ ನೇಕಾರರ ರಕ್ಷಣೆಗಾಗಿ ಫ್ರಾನ್ಸ್ 1686ರಲ್ಲಿಯೂ ಇಂಗ್ಲೆಂಡ್ 1701ರಿಂದಲೂ ಇಂತಹ ಬಟ್ಟೆಗಳಿಗೆ ನಿರ್ಬಂಧ ಹೇರಿದವು. ಮುಂದೆ ಯಂತ್ರಮುದ್ರಿತ ಬಟ್ಟೆಗಳು ಬಂದು ಲೇಖನಿಯ ಕೆಲಸ ಕ್ಷೀಣಿಸಿತು.

ಇಪ್ಪತ್ತನೆಯ ಶತಮಾನದ ಮಧ್ಯಭಾಗಕ್ಕೆ ಶ್ರೀಕಾಳಹಸ್ತಿಯಲ್ಲಿ ಈ ಕಲೆ ಬಲ್ಲವರು ಕೆಲವರೇ ಉಳಿದಿದ್ದರು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಇದರ ಪುನರುಜ್ಜೀವನಕ್ಕೆ ಕಾರಣರಾದರು. 1950ರ ದಶಕದಲ್ಲಿ ಅಲ್ಲಿ ತರಬೇತಿ ಕೇಂದ್ರ ಸ್ಥಾಪನೆಯಾಗಿ ಹೊಸ ಪೀಳಿಗೆ ಸಿದ್ಧವಾಯಿತು. ಆದರೆ ದೇಗುಲದ ಆಶ್ರಯ ಹಿಂದಿನಂತಿರಲಿಲ್ಲ. ಕಲಾವಿದರನ್ನು ಪೋಷಿಸಿದ್ದು ನಗರದ ಮನೆಗಳ ಗೋಡೆಗಳು.

ಈ ಪೋಷಣೆಗೆ ತೆರಬೇಕಾದ ಬೆಲೆಯೂ ಇತ್ತು. ಮನೆಯ ಗೋಡೆ ಚಿಕ್ಕದು. ಅಲ್ಲಿ ಸಮಗ್ರ ರಾಮಾಯಣಕ್ಕೆ ಎಡೆಯಿಲ್ಲ. ಹೀಗಾಗಿ ಜೀವವೃಕ್ಷ, ನವಿಲು, ಒಂಟಿ ದೇವತಾಮೂರ್ತಿಗಳು ಹೆಚ್ಚಿದವು. ಕಥನದ ಚೌಕಗಳೂ ಲಿಪಿಯ ಸಾಲುಗಳೂ ಹಿಂದೆ ಸರಿದವು. ಯಾವ ಪ್ರಸಂಗವನ್ನು ಎಲ್ಲಿ ಕೂರಿಸಬೇಕು, ಕಥೆಯನ್ನು ಎಷ್ಟು ಚೌಕಗಳಲ್ಲಿ ಹೇಳಬೇಕು ಎಂಬ ತಿಳಿವಳಿಕೆ ಬರೆಯುತ್ತಲೇ ಬರುವಂತಹದು. ಬರೆಸುವವರಿಲ್ಲದಿದ್ದರೆ ಅದು ಒಂದೇ ತಲೆಮಾರಿನಲ್ಲಿ ಅಳಿದೀತು. ಇದರ ಮೇಲೆ ಪರದೆ ಮುದ್ರಣದ ಅಗ್ಗದ ಅನುಕರಣೆಗಳೂ 'ಕಲಂಕಾರಿ' ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿವೆ. ಕೈಬರಹವನ್ನು ಗುರುತಿಸುವುದು ಕಷ್ಟವಲ್ಲ. ರೇಖೆಯ ದಪ್ಪ ಒಂದೇ ಸಮನಾಗಿರುವುದಿಲ್ಲ. ಒಂದೇ ಹೂವು ಎರಡು ಕಡೆ ಯಥಾವತ್ತಾಗಿ ಮರುಕಳಿಸುವುದಿಲ್ಲ. ಬಣ್ಣ ಮೇಲ್ಮೈಯಲ್ಲಿ ಪದರವಾಗಿ ನಿಲ್ಲದೆ ನೂಲಿನೊಳಗೆ ಇಳಿದಿರುತ್ತದೆ.

ಕೊಂಡ ಪಟವನ್ನು ಉಳಿಸಿಕೊಳ್ಳುವುದೂ ಗೃಹಸ್ಥನ ಹೊಣೆ. ನೇರ ಬಿಸಿಲು ಸಹಜವರ್ಣಗಳ ಶತ್ರು. ವಸ್ತುಸಂಗ್ರಹಾಲಯಗಳು ಬಟ್ಟೆಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ಮೊಳೆ ಹೊಡೆಯದೆ, ಮೇಲಂಚಿನ ಹಿಂಬದಿಗೆ ಬಟ್ಟೆಯ ಪಟ್ಟಿ ಹೊಲಿದು ಅದರೊಳಗೆ ಕೋಲು ಸೇರಿಸಿ ತೂಗಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ತೇವ ಹೀರುವ ಗೋಡೆ ಸಲ್ಲದು. ಎತ್ತಿಡುವಾಗ ಮಡಿಸದೆ ಸುರುಳಿ ಸುತ್ತಬೇಕು. ಕಬ್ಬಿಣದ ಕಪ್ಪು ಕಾಲಕ್ರಮದಲ್ಲಿ ನೂಲನ್ನೇ ಸವೆಸುವುದರಿಂದ ಹಳೆಯ ಪಟ ಮೊದಲು ಹರಿಯುವುದು ಕಪ್ಪು ರೇಖೆಗಳ ಗುಂಟ ಎಂಬುದನ್ನು ನೆನಪಿಡಬೇಕು.

ಒಟ್ಟಿನಲ್ಲಿ, ಮನೆಯ ಗೋಡೆ ಈ ಕಲೆಯನ್ನು ಬದುಕಿಸಿದೆ, ಕಿರಿದುಗೊಳಿಸಿಯೂ ಇದೆ. ಒಂಟಿ ನವಿಲಿಗೆ ಬದಲಾಗಿ ನಾಲ್ಕು ಚೌಕಗಳ ಒಂದು ಸಣ್ಣ ಕಥೆಯನ್ನು ಬರೆಸಿಕೊಳ್ಳುವಷ್ಟು ಎಡೆ ಸಾಧಾರಣ ಮನೆಯ ಗೋಡೆಯಲ್ಲಿಯೂ ಇದೆ. ಅಷ್ಟನ್ನಾದರೂ ಕೇಳುವ ಕೊಳ್ಳುಗರಿದ್ದರೆ ಕಥೆ ಹೇಳುವ ಲೇಖನಿ ನಿಲ್ಲಲಾರದು.