ಒಂದೇ ಪದ ಮತ್ತೆ ಮತ್ತೆ ಬಂದರೆ ಬರಹ ಕೆಡುತ್ತದೆಯೇ? ಸಮಾನಾರ್ಥಕ ಪದಕೋಶ ಬಳಸುವ ಬಗೆ

ಶಾಲೆಯಲ್ಲಿ ಪ್ರಬಂಧ ಬರೆಯುವಾಗ ನಮ್ಮಲ್ಲಿ ಹೆಚ್ಚಿನವರು ಕೇಳಿಸಿಕೊಂಡ ಮಾತು ಇದು: ಒಮ್ಮೆ ಬಳಸಿದ ಪದವನ್ನೇ ಮತ್ತೆ ಬಳಸಬೇಡಿ. ಇದರ ಜೊತೆಗೇ ಬರುವ ಇನ್ನೊಂದು ನಂಬಿಕೆ, ಪದ ದೊಡ್ಡದಾದಷ್ಟೂ ಬರಹದ ತೂಕ ಹೆಚ್ಚುತ್ತದೆ ಎಂಬುದು. ಈಗ ಮೊಬೈಲಿನಲ್ಲೇ ಸಮಾನಾರ್ಥಕ ಪದಗಳು ಸಿಗುವುದರಿಂದ ಎರಡನ್ನೂ ಪಾಲಿಸುವುದು ಸುಲಭ. ಆದರೆ ಇವು ಎಷ್ಟು ನಿಜ? ನೋಡೋಣ.

ಈ ಕೋಶಗಳು ಇರುವುದು ಯಾಕೆ?

ನಿಘಂಟಿನಲ್ಲಿ ಪದ ಗೊತ್ತಿರುತ್ತದೆ, ಅರ್ಥ ಹುಡುಕುತ್ತೇವೆ. ಥೆಸಾರಸ್‌ನಲ್ಲಿ ಇದು ತಿರುಗುಮುರುಗು: ಹೇಳಬೇಕಾದ ಅರ್ಥ ಗೊತ್ತಿರುತ್ತದೆ, ಪದ ಹುಡುಕುತ್ತೇವೆ. ಇಂಗ್ಲಿಷಿನ ಪ್ರಸಿದ್ಧ ಥೆಸಾರಸ್ ಪ್ರಕಟವಾದದ್ದು 1852ರಲ್ಲಿ. ಅದನ್ನು ಸಿದ್ಧಪಡಿಸಿದ ಪೀಟರ್ ಮಾರ್ಕ್ ರೋಜೆ ವೃತ್ತಿಯಲ್ಲಿ ವೈದ್ಯರು. ಅವರು ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ವಿಚಾರಗಳಿಗೆ ತಕ್ಕಂತೆ ಗುಂಪು ಮಾಡಿದರು.

ಅದಕ್ಕಿಂತ ಎಷ್ಟೋ ಶತಮಾನ ಹಳೆಯದಾದ ಸಂಸ್ಕೃತದ ಅಮರಕೋಶವೂ ಹೀಗೆಯೇ ಇದೆ. ಮೂರು ಕಾಂಡಗಳಲ್ಲಿ ಸ್ವರ್ಗ, ಭೂಮಿ, ವನೌಷಧಿ, ಮನುಷ್ಯ ಎಂದು ವರ್ಗಗಳಾಗಿ ಪದಗಳನ್ನು ಕೊಡುತ್ತದೆ. ಬಾಯಿಪಾಠ ಮಾಡಲು ಅನುಕೂಲವಾಗಲೆಂದು ಅದು ಶ್ಲೋಕರೂಪದಲ್ಲಿದೆ. ಛಂದಸ್ಸಿಗೆ ಹೊಂದುವ ಪದ ಬೇಕಾದ ಕವಿಗೆ ಇಂಥ ಪಟ್ಟಿ ಬಹಳ ಉಪಯೋಗಿ. ಅರ್ಜಿ, ವರದಿ, ಲೇಖನ ಬರೆಯುವ ನಮಗೆ ಆ ಕಟ್ಟುಪಾಡಿಲ್ಲ.

ದೊಡ್ಡ ಪದದಿಂದ ತೂಕ ಬರುತ್ತದೆಯೇ?

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಡೇನಿಯಲ್ ಓಪನ್‌ಹೈಮರ್ ಈ ನಂಬಿಕೆಯನ್ನು ಪರೀಕ್ಷಿಸಿದರು. ಒಂದು ಪ್ರಯೋಗದಲ್ಲಿ, ಪ್ರಬಂಧಗಳಲ್ಲಿದ್ದ ಇಂಗ್ಲಿಷ್ ಪದಗಳನ್ನು ತೆಗೆದು ಥೆಸಾರಸ್‌ನಲ್ಲಿ ಸಿಗುವ ಅತಿ ಉದ್ದದ ಪದಗಳನ್ನು ಹಾಕಿದರು. ಇಂಥ ಹಲವು ಪ್ರಯೋಗಗಳ ಒಟ್ಟು ಫಲಿತಾಂಶ ಹೀಗಿತ್ತು: ಬರಹ ಕ್ಲಿಷ್ಟವಾದಷ್ಟೂ, ಬರೆದವರು ಕಡಿಮೆ ಬುದ್ಧಿವಂತರು ಎಂದು ಓದುಗರು ಎಣಿಸಿದರು. ಸುಲಭವಾಗಿ ಓದಿಸಿಕೊಂಡು ಹೋಗುವ ಬರಹದ ಮೇಲೆ ನಮಗೆ ತಾನಾಗಿಯೇ ಒಳ್ಳೆಯ ಅಭಿಪ್ರಾಯ ಮೂಡುತ್ತದೆ ಎಂಬುದು ಇದಕ್ಕೆ ಅವರು ಕೊಟ್ಟ ವಿವರಣೆ. ಈ ಅಧ್ಯಯನಕ್ಕೆ 2006ರ ಇಗ್ ನೊಬೆಲ್ ಸಾಹಿತ್ಯ ಪ್ರಶಸ್ತಿ ಬಂತು.

ಸಮಾನಾರ್ಥಕ ಎಂದರೆ ಒಂದೇ ಅರ್ಥವೇ?

ಬಹುತೇಕ ಸಂದರ್ಭಗಳಲ್ಲಿ ಅಲ್ಲ. ನೀರು, ಜಲ, ಉದಕ, ಸಲಿಲ ಎಲ್ಲವೂ ಒಂದೇ ವಸ್ತುವಿನ ಹೆಸರುಗಳು. ಆದರೂ 'ಒಂದು ಲೋಟ ಸಲಿಲ ಕೊಡಿ' ಎಂದರೆ ಯಾರಿಗಾದರೂ ನಗು ಬರುತ್ತದೆ. ಬೆಂಕಿ, ಅಗ್ನಿ ಒಂದೇ. ಆದರೆ ಬೆಂಕಿಪೊಟ್ಟಣ ಅಗ್ನಿಪೊಟ್ಟಣವಾಗುವುದಿಲ್ಲ, ಅಗ್ನಿಶಾಮಕ ದಳ ಬೆಂಕಿಶಾಮಕ ದಳವಾಗುವುದಿಲ್ಲ. ಮನೆಯ ಹಿರಿಯರು 'ತೀರಿಕೊಂಡರು' ಎನ್ನುತ್ತೇವೆ, 'ಸತ್ತರು' ಎನ್ನಲು ಹಿಂಜರಿಯುತ್ತೇವೆ. ಪ್ರತಿ ಪದಕ್ಕೂ ಅದರದೇ ಸಂದರ್ಭ, ಸಲುಗೆ, ಮರ್ಯಾದೆ ಇರುತ್ತದೆ. ಪಟ್ಟಿ ಅದನ್ನು ಹೇಳುವುದಿಲ್ಲ.

ಎಲ್ಲಿ ಬದಲಾಯಿಸಲೇಬಾರದು?

ವಿಜ್ಞಾನ ಮತ್ತು ಆರೋಗ್ಯದ ಬರಹದಲ್ಲಿ ಪದ ಬದಲಾದರೆ ವಿಷಯವೇ ಬದಲಾಗಬಹುದು. ಆಡುಮಾತಿನಲ್ಲಿ ಜವ, ವೇಗ ಎರಡೂ ಒಂದೇ. ಭೌತಶಾಸ್ತ್ರದ ಪಠ್ಯದಲ್ಲಿ ವೇಗಕ್ಕೆ ದಿಕ್ಕು ಇದೆ, ಜವಕ್ಕೆ ಇಲ್ಲ. ಉಷ್ಣ ಮತ್ತು ತಾಪ ಬೇರೆ ಬೇರೆ. ಎಚ್‌ಐವಿ ಸೋಂಕು ತಗುಲಿದವರೆಲ್ಲರಿಗೂ ಏಡ್ಸ್ ಇದೆ ಎಂದಲ್ಲ. ಅಲ್ಲಿ 'ಸೋಂಕು' ಎಂಬುದನ್ನು 'ರೋಗ' ಎಂದು ಬದಲಿಸಿದರೆ ಸುಳ್ಳು ಸುದ್ದಿಯಾಗುತ್ತದೆ.

ಇನ್ನೊಂದು ಉದಾಹರಣೆ: 'ಬೆಳಿಗ್ಗೆ ಈ ಮಾತ್ರೆ ತೆಗೆದುಕೊಳ್ಳಿ. ರಾತ್ರಿ ಗುಳಿಗೆ ನುಂಗಿ.' ಬರೆದವರು ವೈವಿಧ್ಯಕ್ಕೆಂದು ಪದ ಬದಲಿಸಿರಬಹುದು. ಓದುವ ಅಜ್ಜಿಗೆ ಅವು ಎರಡು ಬೇರೆ ಔಷಧಗಳು. ಇಲ್ಲಿ ಪುನರಾವರ್ತನೆಯೇ ಸುರಕ್ಷಿತ.

ಹಾಗಾದರೆ ಹೇಗೆ ಬಳಸುವುದು?

- ಮೊದಲು ನಿಮ್ಮ ಮಾತಿನಲ್ಲೇ ಪೂರ್ತಿ ಬರೆಯಿರಿ. ಕೋಶ ತೆರೆಯುವುದು ತಿದ್ದುವಾಗ.
- ಗೊತ್ತಿದ್ದೂ ನೆನಪಿಗೆ ಬಾರದ ಪದವನ್ನು ಹುಡುಕಲು ಬಳಸಿ. ಅಪರಿಚಿತ ಪದ ಇಷ್ಟವಾದರೆ ನಿಘಂಟಿನಲ್ಲಿ ಅದರ ಪ್ರಯೋಗ ನೋಡಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಪ್ರಯೋಗದ ಉದಾಹರಣೆಗಳಿವೆ.
- ಅಂದಕ್ಕಿಂತ ನಿಖರತೆಗೆ ಹುಡುಕಿ. 'ನೋಡಿದ' ಎನ್ನುವಲ್ಲಿ ಇಣುಕಿದನೋ, ದಿಟ್ಟಿಸಿದನೋ, ದುರುಗುಟ್ಟಿದನೋ? ಸರಿಯಾದ ಕ್ರಿಯಾಪದ ಸಿಕ್ಕರೆ ಎರಡು ವಿಶೇಷಣ ಉಳಿಯುತ್ತದೆ.
- ಪುನರಾವರ್ತನೆ ಕಿರಿಕಿರಿಯಾದರೆ ಪದ ಬದಲಿಸುವ ಮೊದಲು ವಾಕ್ಯ ಬದಲಿಸಿ. 'ರೈತ ಸಂತೆಗೆ ಹೋದ. ರೈತ ಬೀಜ ಕೊಂಡ. ರೈತ ಮನೆಗೆ ಬಂದ' ಎಂಬಲ್ಲಿ ಕೃಷಿಕ, ಬೇಸಾಯಗಾರ ಎಂದು ಹುಡುಕಬೇಕಿಲ್ಲ. 'ರೈತ ಸಂತೆಗೆ ಹೋಗಿ ಬೀಜ ಕೊಂಡು ಮನೆಗೆ ಬಂದ' ಎಂದರೆ ಸಾಕು.
- ಕೊನೆಗೆ ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಹಳೆಯ ಪದವನ್ನೇ ವಾಪಸ್ ತನ್ನಿ.

ಒಟ್ಟಿನಲ್ಲಿ, ಪದ ಮರುಕಳಿಸುವುದು ತಪ್ಪಲ್ಲ. ಓದುಗರಿಗೆ ಗೊಂದಲ ಮಾಡುವುದು ತಪ್ಪು.